ಬೌಲಿಂಗ್ ಬಾಲ್ ಕುಡಿದ ಎಣ್ಣೆ ತೆಗೆಯಲು ಕಾಫಿ ಒಣಗಿಸುವ ಕಣ ಬೇಡ, ಬಕೆಟ್ ಸಾಕು

ಪ್ರಶ್ನೆ: ಲೇನಿನ ಮೇಲೆ ಉರುಳಿಸಿ ಪಿನ್ ಬೀಳಿಸುವ ನನ್ನ 15 ಪೌಂಡಿನ ಬಾಲ್ ಮೊದಲಿನ ಹಾಗೆ ಹುಕ್ ಆಗ್ತಾ ಇಲ್ಲ, ಅಂದರೆ ಕೊನೆಗೆ ತಿರುಗ್ತಾ ಇಲ್ಲ. ಲೇನಿನ ಎಣ್ಣೆ ಕುಡಿದಿದೆ ಅಂತಾರೆ. ಒಂದು ದಿನ ಕಾಫಿ ಕಣದಲ್ಲಿ ಬಿಸಿಲಿಗೆ ಇಟ್ಟರೆ ಎಣ್ಣೆ ತಾನಾಗಿ ಹೊರಗೆ ಬರುತ್ತದಂತೆ. ಹೌದಾ?

ಉತ್ತರ: ಇಡಬೇಡಿ. ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮಳೆ ಹಿಡಿದ ಮೇಲೆ ಇದೇ ಪ್ರಶ್ನೆ ವೇಷ ಬದಲಿಸಿ, ‘ಒಲೆ ಪಕ್ಕ ಇಡಬಹುದಾ?’ ಅಂತ ಬರುತ್ತದೆ. ಎರಡಕ್ಕೂ ಉತ್ತರ ಒಂದೇ.

ಮೊದಲು ನಿಮ್ಮ ಬಾಲ್ ಎಣ್ಣೆ ಕುಡಿಯುವ ಜಾತಿಯದೇ ಎಂದು ನೋಡಿಕೊಳ್ಳಿ. ಬೌಲಿಂಗ್ ಸೆಂಟರಿನ ರ‍್ಯಾಕಿನಲ್ಲಿರುವ ಹೌಸ್ ಬಾಲ್‌ಗಳು ಹೆಚ್ಚಾಗಿ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಅವು ಎಣ್ಣೆ ಕುಡಿಯುವುದಿಲ್ಲ ಎಂದೇ ಇಟ್ಟುಕೊಳ್ಳಿ, ಒರೆಸಿದರೆ ಮುಗಿಯಿತು. ಯುರೆಥೇನ್ ಸ್ವಲ್ಪ ಕುಡಿಯುತ್ತದೆ. ಗಟಗಟ ಕುಡಿಯುವುದು 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಲೇನಿಗೆ ಹಚ್ಚುವುದು ಖನಿಜ ತೈಲ. ಬಾಲ್ ಬಿಡುವ ಗೆರೆಯಾದ ಫೌಲ್ ಲೈನಿನಿಂದ ಮೊದಲ ಪಿನ್‌ವರೆಗಿನ 60 ಅಡಿಯಲ್ಲಿ ಸುಮಾರು ಮೊದಲ 40 ಅಡಿಗೆ ಎಣ್ಣೆ, ಮುಂದೆ ಒಣ ಲೇನ್. ಎಣ್ಣೆಯಲ್ಲಿ ಜಾರಿ ಬಂದ ಬಾಲ್ ಒಣ ಜಾಗದಲ್ಲಿ ಲೇನನ್ನು ಕಚ್ಚಿ ತಿರುಗಬೇಕು. ರಂಧ್ರವೆಲ್ಲ ಎಣ್ಣೆ ತುಂಬಿಕೊಂಡಿದ್ದರೆ ಕಚ್ಚುವುದು ಎಲ್ಲಿಂದ?

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಬಿಸಿಗೆ ಎಣ್ಣೆ ಹೊರಗೆ ಬರುತ್ತದೆ ಎನ್ನುವ ಮಾತು ನಿಜ. ಅದಕ್ಕೇ ಈ ನಂಬಿಕೆ ಸಾಯುತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಲ್ ಮೇಲೆ ಬೆವರಿನ ಹನಿಯಂತೆ ಎಣ್ಣೆ ಮೂಡುತ್ತದೆ, ನೋಡಿದವರಿಗೆ ಖುಷಿಯೋ ಖುಷಿ. ಆದರೆ ಬಿಸಿ ಎಣ್ಣೆಯನ್ನು ಸಡಿಲ ಮಾಡುತ್ತದೆ ಅಷ್ಟೆ. ತೆಗೆಯುವುದು ಬಟ್ಟೆ. ಹನಿ ಮೂಡಿದಾಗ ಒರೆಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸಂಜೆ ತಣ್ಣಗಾಗುತ್ತಾ ಬಾಲ್ ಅದೇ ಎಣ್ಣೆಯನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ, ಜೊತೆಗೆ ಕಣದ ಧೂಳನ್ನೂ ಅಂಟಿಸಿಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ಒಂದು ದಿನ ದಂಡ ಎಂದು ಬಿಡಬಹುದಿತ್ತು.

ಬಾಲ್ ಒಂದೇ ವಸ್ತುವಿನ ಗಟ್ಟಿ ಉಂಡೆಯಲ್ಲ. ಹೊರಗೆ ಕವರ್‌ಸ್ಟಾಕ್, ಒಳಗೆ ಬೇರೆ ವಸ್ತುವಿನ ಕೋರ್. ಬಿಸಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಬಿಸಿಲಾದರೂ ಒಂದು ಮಗ್ಗುಲಿಗೆ ಮಾತ್ರ. ಮೇಲಿನ ಅರ್ಧ ಕಾದು ನೆರಳಿನ ಅರ್ಧ ಹಾಗೇ ಉಳಿಯುತ್ತದೆ. ಕಣದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗದ ಹೊತ್ತಿನಲ್ಲಿ ಕಪ್ಪು ಬಾಲ್ ಎಷ್ಟು ಕಾದಿದೆ ಎಂದು ಅಳೆಯುವವರು ಯಾರು? ಬಿರುಕು ಸಾಮಾನ್ಯವಾಗಿ ಬೆರಳಿನ ತೂತುಗಳ ಬಳಿ, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತೂತುಗಳ ನಡುವಿನ ಕಿರಿದಾದ ಜಾಗದಲ್ಲಿ ಕಾಣಿಸುತ್ತದೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಉಗುರು ಸಿಕ್ಕುವಷ್ಟು.

‘ನಮ್ಮ ಭಾವ ಇಟ್ಟಿದ್ರು, ಏನೂ ಆಗಲಿಲ್ಲ’ ಎನ್ನುವವರಿಗೆ ಒಂದು ಮಾತು. ಬಿರುಕು ಅದೇ ದಿನ ಬಿಡಬೇಕೆಂದಿಲ್ಲ. ತಿಂಗಳ ಮೇಲೆ ಬಾಲ್ ಲೇನಿನ ಮೇಲೆ ಧಡ್ ಎಂದು ಬಿದ್ದಾಗ ಬಿಡುತ್ತದೆ, ಆಗ ಬೈಗುಳ ಕಂಪನಿಗೆ. ಪಾರ್ಚ್‌ಮೆಂಟ್ ಕಾಫಿ ನೆತ್ತಿ ಬಿಸಿಲಿಗೆ ಬಿರಿಯುತ್ತದೆ ಎಂದು ಮಧ್ಯಾಹ್ನ ಟಾರ್ಪಾಲ್ ಮುಚ್ಚುವ, ಗಳಿಗೆಗೊಮ್ಮೆ ಕೈಯಾಡಿಸುವ ಊರಿದು. ಕಾಫಿಗೆ ತೋರಿಸುವ ಕಾಳಜಿ ಬಾಲಿಗೆ ಯಾಕಿಲ್ಲವೋ ಕಾಣೆ. ಅಗ್ಗಿಷ್ಟಿಕೆ, ಒಲೆ ಪಕ್ಕ, ಓವನ್, ಹೇರ್ ಡ್ರೈಯರ್, ಎಲ್ಲದರದೂ ಇದೇ ಕಥೆ. ಬೌಲಿಂಗ್ ಸಾಮಾನಿನ ಅಂಗಡಿಯಾದ ಪ್ರೊ ಶಾಪ್‌ಗಳಲ್ಲಿ ಬಿಸಿ ಮಾಡುವ ಯಂತ್ರ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಅದರಲ್ಲಿ ಬಿಸಿ ಹದ ಮೀರದಂತೆ ನಿಯಂತ್ರಣವೂ ಇದೆ.

ಮನೆಯಲ್ಲಿ ಆ ಕೆಲಸಕ್ಕೆ 20 ಲೀಟರಿನ ಪೇಂಟ್ ಬಕೆಟ್ ಸಾಕು. ನೀರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. 55ರ ಮೇಲೆ ಹೋಗಬೇಡಿ, 60 ಅಂತೂ ಬೇಡವೇ ಬೇಡ. ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದೇ 96 ಡಿಗ್ರಿಯ ಹತ್ತಿರ. ಆಗಷ್ಟೇ ಕುದ್ದ 5 ಲೀಟರ್ ನೀರಿಗೆ 7 ಲೀಟರ್ ನಲ್ಲಿ ನೀರು ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೈ ಅದ್ದಿ ನೋಡಿ, ಕೆಲವು ಸೆಕೆಂಡಿಗಿಂತ ಹೆಚ್ಚು ಇಡಲಾಗಬಾರದು, ಆದರೆ ಚುರ್ ಎಂದು ಸುಡಲೂಬಾರದು. ನೀರು ಬೆರೆಸಿದ ಮೇಲೇ ಬಾಲ್ ಇಳಿಸಬೇಕು. ಬಾಲ್ ಮೇಲೆ ಕುದಿನೀರು ಸುರಿಯುವುದು, ಬಚ್ಚಲ ಹಂಡೆಯೊಳಗೇ ಬಾಲ್ ಮುಳುಗಿಸಿ ಕೆಳಗೆ ಸೌದೆ ಒಟ್ಟುವುದು, ಎರಡೂ ಬೇಡ.

ಅದಕ್ಕೂ ಮುಂಚೆ ತೂತುಗಳನ್ನು ನೀರು ನಿಲ್ಲಿಸುವ ಅಗಲ ಟೇಪಿನಿಂದ ಮುಚ್ಚಿ. ಬಾಲಿನ ಮೈಯಲ್ಲಿ ಎಣ್ಣೆ ಇದ್ದರೆ ಟೇಪ್ ಹಿಡಿಯುವುದಿಲ್ಲ, ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿಸಿ, ಆಮೇಲೆ ಅಂಟಿಸಿ. ತೆಳ್ಳಗಿನ ವೈರಿಂಗ್ ಟೇಪ್ ಬಿಸಿ ಸೋಪು ನೀರಿನಲ್ಲಿ ಕಳಚಿಕೊಳ್ಳುತ್ತದೆ. ತೂತಿನೊಳಗೆ ನೀರು ಹೋದರೆ ಬೆರಳಿಗೆ ಹಿಡಿತ ಕೊಡುವ ರಬ್ಬರ್ ಕೊಳವೆ, ಅಂದರೆ ಇನ್ಸರ್ಟಿನ ಅಂಟು ಬಿಡುತ್ತದೆ.

ಬಕೆಟಿನ ತಳಕ್ಕೆ ಹಳೇ ಟವೆಲ್ ಹಾಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಟೀ ಚಮಚ ಹಾಕಿ. ಸೋಪಿನ ಬಾರ್, ಸ್ಟೀಲ್ ಜುಂಗು, ತೆಂಗಿನ ನಾರು ಯಾವುದೂ ಬೇಡ. ಅವು ಬಾಲಿನ ಮೈಯನ್ನು ಗೀರುತ್ತವೆ, ಗೀರು ಬದಲಾದರೆ ಹುಕ್ಕೂ ಬದಲಾಗುತ್ತದೆ. ನಿಮ್ಮ 15 ಪೌಂಡಿನದು ಮುಳುಗುತ್ತದೆ. ಮನೆಯಲ್ಲಿ ಮಕ್ಕಳ 10 ಪೌಂಡಿನದಿದ್ದರೆ ತೇಲುತ್ತದೆ, ಗಾಬರಿಯಾಗಬೇಡಿ. ಎಲ್ಲ ಬಾಲ್‌ಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಅಷ್ಟು ಗಾತ್ರದ ನೀರಿನ ತೂಕ ಸುಮಾರು 12 ಪೌಂಡ್. ತೇಲುವ ಬಾಲನ್ನು ಐದು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಬೇಕು.

20 ನಿಮಿಷ ಬಿಟ್ಟು ಎತ್ತಿ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಾಣಿಸಿದರೆ ಕೆಲಸ ಆಗುತ್ತಿದೆ ಎಂದರ್ಥ. ಬಾಲ್ ಬಿಸಿಯಿರುವಾಗಲೇ ಮೈಕ್ರೊಫೈಬರ್ ಬಟ್ಟೆಯಲ್ಲಿ, ಅದಿಲ್ಲದಿದ್ದರೆ ಹಳೇ ಕಾಟನ್ ಬನಿಯನ್‌ನಲ್ಲಿ, ಒತ್ತಿ ಒರೆಸಿ. ಬಟ್ಟೆಯ ಒಂದೇ ಭಾಗದಲ್ಲಿ ಉಜ್ಜುತ್ತಿದ್ದರೆ ಎಣ್ಣೆಯನ್ನು ಮತ್ತೆ ಹಚ್ಚಿದ ಹಾಗೆ, ಮಡಿಕೆ ಬದಲಿಸುತ್ತಿರಿ. ಆ ನೀರು ಚೆಲ್ಲಿ ಹೊಸ ನೀರು, ಹೊಸ ಸೋಪು. ಹೀಗೆ ಎರಡು ಮೂರು ಸಲ, ನೀರಿನ ಮೇಲೆ ಪದರ ಕಾಣದಾಗುವ ತನಕ. ಕೊನೆಗೆ ಟವೆಲ್ ಸುತ್ತಿ ಬಿಡಿ, ತಾನಾಗಿ ತಣಿಯಲಿ. ನಲ್ಲಿ ಕೆಳಗೆ ಹಿಡಿದು ಆತುರವಾಗಿ ತಣ್ಣಗೆ ಮಾಡಿದರೆ ಬಿಸಿಲಿಗಿಟ್ಟವರಿಗೂ ನಿಮಗೂ ವ್ಯತ್ಯಾಸವಿಲ್ಲ. ಟೇಪ್ ತೆಗೆದು ತೂತು ಕೆಳಮುಖವಾಗಿ ಒಂದು ರಾತ್ರಿ ಇಡಿ. ಜುಲೈ ಮಳೆಯಲ್ಲಿ ಒಂದು ರಾತ್ರಿ ಸಾಲದು, ಫ್ಯಾನ್ ಕೆಳಗೆ ಎರಡು ದಿನ ಬೇಕು.

ಇದನ್ನು ಸುಮಾರು 50-60 ಗೇಮಿಗೊಮ್ಮೆ ಮಾಡಿದರೆ ಸಾಕು. ಆಮೇಲೂ ಬಾಲ್ ಕಚ್ಚದಿದ್ದರೆ ತಪ್ಪು ಎಣ್ಣೆಯದಲ್ಲ, ಮೈ ನುಣುಪಾಗಿದೆ. ಅದಕ್ಕೆ 1000 ಅಥವಾ 2000 ಗ್ರಿಟ್ಟಿನ ಅಬ್ರಲಾನ್ ಪ್ಯಾಡ್, ಅಂದರೆ ಮೈ ಉಜ್ಜುವ ಮರಳುಕಾಗದದಂಥ ಪ್ಯಾಡ್ ಬೇಕು. ಥಿನ್ನರ್, ಅಸಿಟೋನ್, ಪೆಟ್ರೋಲ್ ಮೂರನ್ನೂ ಮುಟ್ಟಬೇಡಿ, ಚರ್ಚೆಯೇ ಬೇಡ.

ಇಷ್ಟೆಲ್ಲ ರಗಳೆಯಲ್ಲಿ ಅರ್ಧ ಉಳಿಸುವ ಕೆಲಸ ಒಂದಿದೆ. ಆಟ ಮುಗಿದ ಕೂಡಲೇ, ಬಾಲ್ ಇನ್ನೂ ಬೆಚ್ಚಗಿರುವಾಗ, ಅಲ್ಲೇ ಆಲ್ಕೋಹಾಲ್ ಹಾಕಿ ಒರೆಸಿ. ಬೆಂಗಳೂರಿನಲ್ಲಿ ಆಡಿ, ಎಣ್ಣೆಯ ಬಾಲನ್ನು ಹಾಗೇ ಚೀಲಕ್ಕೆ ತುರುಕಿ, ಹುಣಸೂರು, ಕುಶಾಲನಗರ ದಾಟಿ ಮನೆ ಸೇರುವಷ್ಟರಲ್ಲಿ ಮೇಲಿದ್ದದ್ದೆಲ್ಲ ಒಳಗೆ ಹೋಗಿರುತ್ತದೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ ಕಾರಿನ ಡಿಕ್ಕಿಯೂ ಏಪ್ರಿಲಿನಲ್ಲಿ ಒಂದು ಓವನ್ನೇ.

ಯಾರೂ ಕೇಳಿಲ್ಲ, ಆದರೂ ಶೂ ವಿಷಯ ಹೇಳಿಬಿಡುತ್ತೇನೆ. ಒದ್ದೆ ಬಾಲ್ ಇಟ್ಟ ಚೀಲದಲ್ಲೇ ಶೂ ಇಟ್ಟು ಜಿಪ್ ಎಳೆದರೆ ನಮ್ಮ ಮಳೆಗಾಲದಲ್ಲಿ ವಾರದೊಳಗೆ ಬೂಸ್ಟು ಬರುತ್ತದೆ. ಬಲಗೈ ಆಟಗಾರರ ಎಡ ಶೂವಿನ ಅಟ್ಟೆ ಜಾರಲೆಂದೇ ಇರುವುದು. ಅದಕ್ಕೆ ತೇವ ಹಿಡಿದರೆ ಕಾಲು ಜಾರದೆ ಗಕ್ಕನೆ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಬೌಲಿಂಗ್ ಶೂ ಹಾಕಿಕೊಂಡು ಶೌಚಾಲಯಕ್ಕೆ ಹೋಗಿ ಬಂದವರು ಮುಗ್ಗರಿಸುವುದು ಹೀಗೇ. ಬೂಸ್ಟನ್ನು ಒಣ ಬ್ರಷ್‌ನಿಂದ ಉಜ್ಜಿ, ಒಳಗೆ ಹಳೇ ಪೇಪರ್ ತುರುಕಿ, ದಿನಕ್ಕೊಮ್ಮೆ ಬದಲಿಸಿ. ಚೀಲದ ಜಿಪ್ ಸೆಪ್ಟೆಂಬರ್ ಮುಗಿಯುವ ತನಕ ತೆರೆದೇ ಇರಲಿ. ಒಣಗಲೆಂದು ಶೂವನ್ನೂ ಒಲೆ ಪಕ್ಕ ಇಡಬೇಡಿ. ಅಟ್ಟೆ ಸೆಟೆದುಕೊಳ್ಳುತ್ತದೆ.