ಸೀಟು ಎಣಿಸಿ ಕೊಟ್ಟ ಪರಿಹಾರ

ವಾಷಿಂಗ್ಟನ್ ಡಿಸಿಯಿಂದ ಕೆಲವೇ ಮೈಲಿ ದೂರ, ಮೇರಿಲ್ಯಾಂಡ್ ರಾಜ್ಯದ ಕಾಲೇಜ್ ಪಾರ್ಕ್ ಎಂಬಲ್ಲಿ ಒಂದು ಪುಟ್ಟ ವಿಮಾನ ನಿಲ್ದಾಣ ಇದೆ. 1909ರಲ್ಲಿ ವಿಲ್ಬರ್ ರೈಟ್ ಅಮೆರಿಕದ ಸೇನಾಧಿಕಾರಿಗಳಿಗೆ ವಿಮಾನ ಹಾರಿಸೋದು ಕಲಿಸಿದ್ದು ಇಲ್ಲೇ. ಇವತ್ತಿಗೂ ಬಳಕೆಯಲ್ಲಿರುವ ವಿಮಾನ ನಿಲ್ದಾಣಗಳಲ್ಲಿ ಜಗತ್ತಿಗೇ ಹಳೆಯದು ಇದು ಅನ್ನುತ್ತಾರೆ. ಎರಡು ಮಹಾಯುದ್ಧಗಳನ್ನು ದಾಟಿ ಬಂದಿದ್ದ ಈ ಜಾಗಕ್ಕೆ 2001ರ ಸೆಪ್ಟೆಂಬರ್ 11ರಂದು, ಭಯೋತ್ಪಾದಕರು ವಿಮಾನಗಳನ್ನು ಅಪಹರಿಸಿ ಅಮೆರಿಕದ ಮೇಲೆ ದಾಳಿ ಮಾಡಿದ ದಿನ, ಬೀಗ ಬಿತ್ತು. ಮತ್ತೆ ತೆರೆಯೋಕೆ ತಿಂಗಳುಗಳೇ ಬೇಕಾದವು. ತೆರೆದ ಮೇಲೂ ಹೊರಗಿನ ವಿಮಾನ ಬಂದು ಇಳಿಯೋ ಹಾಗಿರಲಿಲ್ಲ.

ಅಲ್ಲಿ ವಿಮಾನಕ್ಕೆ ಪೆಟ್ರೋಲ್ ಹಾಕೋರು, ರಿಪೇರಿ ಮಾಡೋರು, ಶೆಡ್ಡು ಬಾಡಿಗೆಗೆ ಕೊಡೋರು, ಹಾರಾಟ ಕಲಿಸೋರು ಇದ್ದರು. ಇವರ ನಷ್ಟ ತುಂಬಿಕೊಡೋದು ಯಾರು? ಈ ಪ್ರಶ್ನೆಗೆ ಅಮೆರಿಕದ ಸಂಸತ್ತು ಉತ್ತರ ಕೊಡುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ದೊಡ್ಡ ಏರ್‌ಲೈನ್ಸ್‌ಗಳಿಗೆ ಉತ್ತರ ಸಿಕ್ಕಿದ್ದು ಹನ್ನೊಂದೇ ದಿನದಲ್ಲಿ.

ಇಷ್ಟು ವ್ಯತ್ಯಾಸ ಯಾಕಾಯ್ತು ಅಂತ ಕೇಳಿದರೆ, ದೊಡ್ಡವರ ಕೈ ಉದ್ದ ಇತ್ತು ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಅದು ನಿಜವೂ ಹೌದು. ಆದರೆ ಕಡತಗಳ ಒಳಗೆ ಇನ್ನೊಂದು ಕಾರಣ ಕೂತಿದೆ. ಅಷ್ಟಾಗಿ ಯಾರೂ ಮಾತಾಡದ ಕಾರಣ. ಹಣ ಹಂಚೋಕೆ ಸರ್ಕಾರ ಕೈಗೆತ್ತಿಕೊಂಡ ಅಳತೆಗೋಲೇ ಚಿಕ್ಕವರನ್ನು ಅಳೆಯೋ ಹಾಗಿರಲಿಲ್ಲ.

ಮೊದಲು ಆ ದಿನದ ವಿಷಯ. ಬೆಳಿಗ್ಗೆ 9.45ರ ಸುಮಾರಿಗೆ ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ಹಾರಾಡುತ್ತಿರುವ ಎಲ್ಲ ನಾಗರಿಕ ವಿಮಾನಗಳೂ ಹತ್ತಿರದ ನಿಲ್ದಾಣದಲ್ಲಿ ಇಳಿಯಬೇಕು ಅಂತ ಆದೇಶ ಕೊಟ್ಟಿತು. ಸುಮಾರು 4,500 ವಿಮಾನಗಳು ಇಳಿದವು. ದೊಡ್ಡ ಕಂಪನಿಗಳ ಹಾರಾಟ 13ನೇ ತಾರೀಕಿನಿಂದಲೇ ನಿಧಾನಕ್ಕೆ ಶುರುವಾಯಿತು. ಚಿಕ್ಕ ವಿಮಾನಗಳ ಪಾಡು ಬೇರೆ. ಅದು ಅರ್ಥ ಆಗಬೇಕಾದರೆ ಹಾರಾಟದಲ್ಲಿ ಎರಡು ಬಗೆ ಇದೆ ಅನ್ನೋದು ಗೊತ್ತಿರಬೇಕು. ಒಂದು, ಉಪಕರಣಗಳನ್ನು ನೋಡಿಕೊಂಡು, ನೆಲದಲ್ಲಿರುವ ನಿಯಂತ್ರಕರ ಮಾತು ಕೇಳಿಕೊಂಡು ಹಾರೋದು. ಇನ್ನೊಂದು, ಕಣ್ಣಿಗೆ ಕಾಣುವ ಬೆಟ್ಟ, ರಸ್ತೆ, ನದಿ ಗುರುತು ಹಿಡಿದು ಹಾರೋದು. ಹೊಸಬರು ಕಲಿಯೋದು ಹೆಚ್ಚಾಗಿ ಈ ಎರಡನೇ ಬಗೆಯಲ್ಲೇ. ಹೊಲಕ್ಕೆ ಔಷಧಿ ಹೊಡೆಯೋದು, ಪ್ರವಾಸಿಗರನ್ನು ಒಂದು ಸುತ್ತು ಹಾರಿಸಿ ತರೋದು, ಜಾಹೀರಾತಿನ ಬ್ಯಾನರ್ ಎಳೆದುಕೊಂಡು ಸಮುದ್ರದ ದಂಡೆ ಮೇಲೆ ಹಾರೋದು, ಟ್ರಾಫಿಕ್ ಸುದ್ದಿಗೆ ಹೆಲಿಕಾಪ್ಟರಲ್ಲಿ ಸುತ್ತೋದು, ಎಲ್ಲವೂ ಹಾಗೇ. ಸುಮಾರು 30 ದೊಡ್ಡ ನಗರಗಳ ಸುತ್ತ ಈ ಕಣ್ಣಳತೆಯ ಹಾರಾಟವನ್ನೇ ನಿಲ್ಲಿಸಿಬಿಟ್ಟರು. ಕಂತು ಕಂತಾಗಿ ಸಡಿಲಿಸುತ್ತಾ ಎಲ್ಲ ಕಡೆ ಬಿಡುವ ಹೊತ್ತಿಗೆ ಡಿಸೆಂಬರ್ ಬಂತು. ವಾಷಿಂಗ್ಟನ್ ಸುತ್ತಮುತ್ತ ಆಗಲೂ ಬಿಡಲಿಲ್ಲ.

ನಾಲ್ಕೈದು ವಿಮಾನ ಇಟ್ಟುಕೊಂಡ ಒಂದು ಫ್ಲೈಯಿಂಗ್ ಸ್ಕೂಲನ್ನು ನೆನೆಸಿಕೊಳ್ಳಿ. ವಿಮಾನದ ಸಾಲದ ಕಂತು ಇದೆ, ವಿಮೆ ಇದೆ, ಹ್ಯಾಂಗರ್ ಬಾಡಿಗೆ ಇದೆ. ವಿಮಾನ ನಿಂತರೂ ಇವು ನಿಲ್ಲೋದಿಲ್ಲ. ಆದಾಯ ಮಾತ್ರ ಅವತ್ತೇ ನಿಂತಿತು. ಗಿರಾಕಿ ಬರಲಿಲ್ಲ ಅಂತ ಅಂಗಡಿ ಮುಚ್ಚಿದ್ದಾಗಿದ್ದರೆ ಮಾತು ಬೇರೆ. ಇಲ್ಲಿ ಶಟರ್ ಎಳೆದದ್ದು ಸರ್ಕಾರ.

ಈಗ ಹಣದ ಕಥೆ. 2001ರ ಸೆಪ್ಟೆಂಬರ್ 22ರಂದು ಅಧ್ಯಕ್ಷ ಬುಷ್ ಒಂದು ಕಾಯ್ದೆಗೆ ಸಹಿ ಹಾಕಿದರು. ವಿಮಾನ ಕಂಪನಿಗಳಿಗೆ 500 ಕೋಟಿ ಡಾಲರ್ ನೇರ ಪರಿಹಾರ, ಜೊತೆಗೆ 1,000 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಸರ್ಕಾರದ ಖಾತರಿ. ನೇರ ಪರಿಹಾರದಲ್ಲಿ 450 ಕೋಟಿ ಪ್ರಯಾಣಿಕರ ವಿಮಾನಗಳಿಗೆ, 50 ಕೋಟಿ ಸರಕಿನವರಿಗೆ. ಹಂಚೋದು ಹೇಗೆ? ಇಲ್ಲೇ ಬಂತು ಅಳತೆಗೋಲು. ಒಂದು ವಿಮಾನದಲ್ಲಿ ಎಷ್ಟು ಸೀಟು ಇದೆ, ಅದು ಎಷ್ಟು ಮೈಲಿ ಹಾರಿತು, ಎರಡನ್ನೂ ಗುಣಿಸಿ. 150 ಸೀಟಿನ ವಿಮಾನ 1,000 ಮೈಲಿ ಹಾರಿದರೆ ಒಂದೂವರೆ ಲಕ್ಷ ಸೀಟು-ಮೈಲಿ. ದೇಶದ ಒಟ್ಟು ಸೀಟು-ಮೈಲಿಯಲ್ಲಿ ನಿಮ್ಮ ಪಾಲೆಷ್ಟೋ ಅಷ್ಟೇ ಪಾಲಿನ ಪರಿಹಾರ. ಅಥವಾ ನೀವು ತೋರಿಸಿದ ನಿಜವಾದ ನಷ್ಟ. ಎರಡರಲ್ಲಿ ಕಡಿಮೆ ಯಾವುದೋ ಅದು.

ದೊಡ್ಡ ಕಂಪನಿಗಳಿಗೆ ಇದು ಒಗ್ಗುವ ಲೆಕ್ಕ. ಏರ್ ಆಂಬ್ಯುಲೆನ್ಸ್ ನಡೆಸೋನಿಗೆ? ಸೀಟು ಕಿತ್ತು ಸ್ಟ್ರೆಚರ್ ಇಟ್ಟಿರುತ್ತಾನೆ. ಗ್ರ್ಯಾಂಡ್ ಕ್ಯಾನ್ಯನ್ ತೋರಿಸೋ ಟೂರ್ ವಿಮಾನಕ್ಕೆ? ಎದ್ದ ಜಾಗದಲ್ಲೇ ಬಂದು ಇಳಿಯುತ್ತೆ, ಆರೇಳು ಜನ ಇರುತ್ತಾರೆ. ಸೀಟೂ ಕಡಿಮೆ, ಮೈಲಿಯೂ ಕಡಿಮೆ. ಗುಣಿಸಿದರೆ ಬರೋದು ಪುಡಿಗಾಸು. ಇನ್ನು ಫ್ಲೈಯಿಂಗ್ ಸ್ಕೂಲು, ಔಷಧಿ ಹೊಡೆಯೋರು, ಪೆಟ್ರೋಲ್ ಬಂಕಿನವರು ಟಿಕೆಟ್ ಮಾರಿ ಜನರನ್ನು ಸಾಗಿಸೋದೇ ಇಲ್ಲ. ಕಾನೂನಿನ ಕಣ್ಣಲ್ಲಿ ಅವರು ವಿಮಾನ ಕಂಪನಿಗಳೇ ಅಲ್ಲ. ಅಳತೆಗೆ ಸಿಗೋ ಮುಂಚೆಯೇ ಬಾಗಿಲ ಹೊರಗೆ.

ಸಂಸತ್ತಿಗೆ ಇದು ಅರ್ಧ ಅರ್ಥವಾಯಿತು. ಅದೇ ನವೆಂಬರಲ್ಲಿ ವಿಮಾನ ನಿಲ್ದಾಣಗಳ ಭದ್ರತೆಗೆ ಅಂತ ಒಂದು ಕಾಯ್ದೆ ಬಂತು. ಅದರಲ್ಲೇ ಒಂದು ಕಲಮು ಸೇರಿಸಿ, ಟೂರ್ ವಿಮಾನ, ಏರ್ ಆಂಬ್ಯುಲೆನ್ಸ್‌ನಂಥವರಿಗೆ ಪರಿಹಾರದ ದುಡ್ಡಲ್ಲಿ ಒಂದು ಭಾಗ ಬೇರೆ ತೆಗೆದಿಡಬಹುದು ಅಂದರು. ಫ್ಲೈಯಿಂಗ್ ಸ್ಕೂಲು ಮತ್ತಿತರರಿಗಾಗಿ ಪ್ರತ್ಯೇಕ ಮಸೂದೆಯೂ ತಯಾರಾಯಿತು. ಅದು ಕಾಯ್ದೆ ಆಗಲೇ ಇಲ್ಲ.

ಅವರಿಗೆ ತೋರಿಸಿದ ದಾರಿ ಸಾಲ. ಸಣ್ಣ ಉದ್ದಿಮೆಗಳಿಗೆ ಅಂತಲೇ ಇರುವ ಎಸ್‌ಬಿಎ ಎಂಬ ಸಂಸ್ಥೆ ಪ್ರವಾಹ, ಬಿರುಗಾಳಿ ಬಂದಾಗ ಕಡಿಮೆ ಬಡ್ಡಿಗೆ ಸಾಲ ಕೊಡುತ್ತೆ. ಸಾಮಾನ್ಯವಾಗಿ ಅನಾಹುತ ಆದ ಊರಿನವರಿಗೆ ಮಾತ್ರ. ಈ ಸಲ ದೇಶದ ಯಾವ ಮೂಲೆಯವರಾದರೂ ಸರಿ, ದಾಳಿಯಿಂದ ಪೆಟ್ಟು ಬಿದ್ದಿದ್ದರೆ ಅರ್ಜಿ ಹಾಕಬಹುದು ಅಂತ ಅಕ್ಟೋಬರಲ್ಲಿ ನಿಯಮ ಸಡಿಲಿಸಿದರು. ಒಳ್ಳೇದೇ. ಆದರೆ ಮೂರು ತಿಂಗಳು ದುಡಿಮೆ ಇಲ್ಲದವನಿಗೆ ಸಾಲ ಅಂದ್ರೆ, ಹೋದ ಆದಾಯವನ್ನು ಮುಂದಿನ ಆದಾಯದಲ್ಲಿ ತಾನೇ ತುಂಬಿಕೊಳ್ಳಬೇಕು ಅಂತ ಅರ್ಥ. ಬರಗಾಲದ ವರ್ಷ ಸೊಸೈಟಿ ಸಾಲ ಸಿಗುತ್ತೆ ಅಂತ ರೈತನಿಗೆ ಸಮಾಧಾನ ಹೇಳಿದ ಹಾಗೆ.

2002ರಲ್ಲಿ ಇನ್ನೊಂದು ಯೋಜನೆ ಬಂತು. ದಾಳಿಯಿಂದ ನಷ್ಟವಾದ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕುಗಳೇ ಸಾಲ ಕೊಡಬೇಕು, ಎಸ್‌ಬಿಎ ಖಾತರಿ ನಿಲ್ಲುತ್ತೆ. ಅದು ಯಾರ ಕೈಗೆ ಹೋಯಿತು ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2005ರಲ್ಲಿ ಕೆದಕಿತು. ಯೂಟಾದಲ್ಲಿ ನಾಯಿಗಳ ಫ್ಯಾನ್ಸಿ ಅಂಗಡಿ, ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಸೆಂಟಿನ ಅಂಗಡಿ, ಸೌತ್ ಡಕೋಟಾದಲ್ಲಿ ಒಂದು ರೇಡಿಯೋ ಸ್ಟೇಷನ್, ನೂರಕ್ಕೂ ಹೆಚ್ಚು ಡೋನಟ್ ಮತ್ತು ಸ್ಯಾಂಡ್‌ವಿಚ್ ಅಂಗಡಿಗಳು! ತಮಗೆ ಸಿಕ್ಕಿದ್ದು ಭಯೋತ್ಪಾದನೆ ಪರಿಹಾರದ ಸಾಲ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಬ್ಯಾಂಕಿನವರು ಯಾವ ಫಾರಂ ತುಂಬಿದರೋ ಅದು. ಆ ಸುದ್ದಿ ಓದಿದಾಗ ನಗು ಬರುತ್ತೆ, ಕಾಲೇಜ್ ಪಾರ್ಕ್‌ನ ರನ್‌ವೇ ನೆನಪಾದರೆ ನಿಂತುಹೋಗುತ್ತೆ.

ಖಾತರಿ ಸಾಲದ 1,000 ಕೋಟಿ ಏನಾಯ್ತು ಅನ್ನೋದೂ ಹೇಳಬೇಕು. ಅದಕ್ಕೊಂದು ಮಂಡಳಿ ಮಾಡಿದ್ದರು. ಅದು ತುಂಬಾ ಬಿಗಿ ಕೈಯ ಮಂಡಳಿ. ಯುನೈಟೆಡ್‌ನಂಥ ದೈತ್ಯ ಕಂಪನಿಯ ಅರ್ಜಿಯನ್ನೇ 2002ರ ಡಿಸೆಂಬರಲ್ಲಿ ತಳ್ಳಿಹಾಕಿತು. ಕೆಲವೇ ದಿನದಲ್ಲಿ ಯುನೈಟೆಡ್ ದಿವಾಳಿ ಅರ್ಜಿ ಹಾಕಿತು, ಆದರೆ ಹಾರೋದು ನಿಲ್ಲಿಸಲಿಲ್ಲ. ಕಾನ್ಸಾಸ್ ಸಿಟಿಯ ವ್ಯಾನ್‌ಗಾರ್ಡ್ ಎಂಬ ಚಿಕ್ಕ ಏರ್‌ಲೈನ್ಸ್‌ಗೂ ಅದೇ ಮಂಡಳಿ ಇಲ್ಲ ಅಂದಿತ್ತು. ಅದು 2002ರ ಜುಲೈನಲ್ಲಿ ಮುಚ್ಚೇಹೋಯಿತು. ದಿವಾಳಿ ಎದ್ದೂ ನಡೆಯೋಕೆ ದೊಡ್ಡವರಿಗೆ ವಕೀಲರು, ಸಾಲ ಕೊಡೋರು, ಸಮಯ ಎಲ್ಲ ಇರುತ್ತೆ. ಒಟ್ಟಾರೆ ಈ ಖಾತರಿ ವ್ಯವಹಾರದಲ್ಲಿ ಸರ್ಕಾರ ಶುಲ್ಕ, ಷೇರು ಹಕ್ಕು (ಕಂಪನಿಯ ಷೇರು ಕೊಳ್ಳುವ ಹಕ್ಕು) ಅಂತ ಲಾಭವನ್ನೇ ಮಾಡಿಕೊಂಡಿತು.

ಕಾಲೇಜ್ ಪಾರ್ಕ್‌ಗೆ ವಾಪಸ್ ಬರೋಣ. ಅದರ ಜೊತೆ ಪೊಟೊಮ್ಯಾಕ್ ಏರ್‌ಫೀಲ್ಡ್, ಹೈಡ್ ಫೀಲ್ಡ್ ಅಂತ ಇನ್ನೆರಡು ಚಿಕ್ಕ ನಿಲ್ದಾಣ ಅದೇ ರಾಜ್ಯದಲ್ಲಿದ್ದವು. ಮೂರನ್ನೂ ಸೇರಿಸಿ ಪೈಲಟ್‌ಗಳು 'ಡಿಸಿ-3' ಅಂತ ಕರೀತಿದ್ದರು. ಹಳೇ ಕಾಲದ ಪ್ರಸಿದ್ಧ ವಿಮಾನದ ಹೆಸರೂ ಅದೇ, ಸ್ವಲ್ಪ ತಮಾಷೆ. 2002ರಲ್ಲಿ ಇವು ತೆರೆದಾಗ, ಅಲ್ಲೇ ವಿಮಾನ ಇಟ್ಟುಕೊಂಡಿದ್ದ, ಪೊಲೀಸ್ ತಪಾಸಣೆ ಮುಗಿಸಿದ ಪೈಲಟ್‌ಗಳಿಗೆ ಮಾತ್ರ ಅವಕಾಶ. ಹೊರಗಿನವರು ಬರಬಹುದು ಅಂತಾದದ್ದು 2005ರಲ್ಲಿ. ಪೆಟ್ರೋಲ್ ಮಾರೋನ ಬದುಕು ನಡೆಯೋದೇ ಹಾದುಹೋಗುವ ವಿಮಾನಗಳಿಂದ. ಹೆದ್ದಾರಿ ಪಕ್ಕ ಢಾಬಾ ಇಟ್ಟುಕೊಂಡವನಿಗೆ, ಊರಿನವರು ಮಾತ್ರ ಊಟಕ್ಕೆ ಬರಬಹುದು ಅಂದರೆ ಹೇಗಿರುತ್ತೆ? ವಾಷಿಂಗ್ಟನ್‌ನ ದೊಡ್ಡ ವಿಮಾನ ನಿಲ್ದಾಣ ರೇಗನ್ ನ್ಯಾಷನಲ್‌ನಲ್ಲಿ ದೊಡ್ಡ ವಿಮಾನಗಳು 2001ರ ಅಕ್ಟೋಬರಲ್ಲೇ ಶುರುವಾದವು. ಖಾಸಗಿ ಚಿಕ್ಕ ವಿಮಾನಗಳಿಗೆ ಅಲ್ಲಿ ಬಾಗಿಲು ತೆರೆದದ್ದು 2005ರ ಅಕ್ಟೋಬರಲ್ಲಿ, ಅದೂ ಪ್ರತಿ ವಿಮಾನದಲ್ಲಿ ಬಂದೂಕು ಹಿಡಿದ ಭದ್ರತಾ ಅಧಿಕಾರಿ ಕೂರಬೇಕು ಅನ್ನೋ ಷರತ್ತಿನ ಮೇಲೆ.

ಆ ವರ್ಷದ ನವೆಂಬರ್ 30ರಂದು ಸಹಿಯಾದ ಬಜೆಟ್ ಕಾಯ್ದೆಯೊಳಗೆ ಕೊನೆಗೂ ಒಂದು ಕಲಮು ಸಿಕ್ಕಿತು. ವಾಷಿಂಗ್ಟನ್ ಸುತ್ತಲಿನ ಐದು ಜಾಗಗಳ ಚಿಕ್ಕ ವ್ಯವಹಾರಗಳಿಗೆ ನಷ್ಟ ಪರಿಹಾರ: ಈ ಮೂರು ನಿಲ್ದಾಣ, ರೇಗನ್ ನ್ಯಾಷನಲ್, ಮತ್ತೊಂದು ಹೆಲಿಪೋರ್ಟ್. ಮೊತ್ತ 1.7 ಕೋಟಿ ಡಾಲರ್ ಮೀರಬಾರದು. ಈ ಸಲ ಸೀಟು ಎಣಿಸಲಿಲ್ಲ. ಸರ್ಕಾರದ ಆದೇಶದಿಂದ ಎಷ್ಟು ನಷ್ಟ ಆಯ್ತು ಅನ್ನೋದೇ ಲೆಕ್ಕ. ಸರಿಯಾದ ಅಳತೆ ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ ಅಲ್ವಾ? ಐದು ಜಾಗಕ್ಕೆ ಆದ ನ್ಯಾಯ ಉಳಿದ ನಗರಗಳ ಸುತ್ತ ಮೂರು ತಿಂಗಳು ಕೂತವರಿಗೆ ಆಗಲಿಲ್ಲ, ಅಷ್ಟೇ.

ಅಮೆರಿಕದ ಸರ್ಕಾರಕ್ಕೆ ಚಿಕ್ಕ ವಿಮಾನದವರ ಕಡೆ ಕೈ ಚಾಚಿ ಗೊತ್ತೇ ಇರಲಿಲ್ಲ ಅಂತಲ್ಲ. 1938ರ ಕೊನೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜು ಹುಡುಗರಿಗೆ ಹಾರಾಟ ಕಲಿಸುವ ಯೋಜನೆ ಪ್ರಕಟಿಸಿದರು. ವರ್ಷಕ್ಕೆ 20,000 ಪೈಲಟ್‌ಗಳು ಅನ್ನೋದು ಗುರಿ. ಪಾಠ ಕಾಲೇಜಿನಲ್ಲಿ, ಹಾರಾಟ ಊರಿನ ಫ್ಲೈಯಿಂಗ್ ಸ್ಕೂಲಿನಲ್ಲಿ, ದುಡ್ಡು ಸರ್ಕಾರದ್ದು. 1944ರಲ್ಲಿ ನಿಲ್ಲುವ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಕಲಿತಿದ್ದರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರ ಓದಿಗೆ ಕೊಟ್ಟ ಹಣದಲ್ಲಿ ಹಾರಾಟ ಕಲಿಕೆಯೂ ಸೇರಿತ್ತು. ಹುಲ್ಲಿನ ರನ್‌ವೇ ಪಕ್ಕದ ಎಷ್ಟೋ ಸ್ಕೂಲುಗಳು ಬದುಕಿದ್ದು ಹಾಗೆ. ಪರಿಹಾರ ಅನ್ನೋ ಪದವೇ ಬರಲಿಲ್ಲ. ಕೆಲಸ ಕೊಟ್ಟರು, ಕೂಲಿ ಕೊಟ್ಟರು.

1994ರಲ್ಲಿ ದುಡ್ಡೇ ಇಲ್ಲದ ಇನ್ನೊಂದು ಬಗೆಯ ನೆರವು ಬಂತು. ಅಪಘಾತದ ಮೊಕದ್ದಮೆಗಳ ಭಯಕ್ಕೆ ಸೆಸ್ನಾ ಕಂಪನಿ 1986ರಲ್ಲೇ ಒಂದು ಎಂಜಿನ್ನಿನ ಪಿಸ್ಟನ್ ವಿಮಾನ ಮಾಡೋದು ಬಿಟ್ಟಿತ್ತು. 1978ರಲ್ಲಿ 17,811 ಚಿಕ್ಕ ವಿಮಾನ ಮಾರಿದ್ದ ದೇಶ 1994ರಲ್ಲಿ ಮಾರಿದ್ದು 928. ಆಗ, 18 ವರ್ಷಕ್ಕಿಂತ ಹಳೆಯ ಚಿಕ್ಕ ವಿಮಾನ ಬಿದ್ದರೆ ಸಾಮಾನ್ಯವಾಗಿ ತಯಾರಕರ ಮೇಲೆ ಕೇಸು ಹಾಕೋ ಹಾಗಿಲ್ಲ ಅಂತ ಕಾಯ್ದೆ ತಂದರು. ಸೆಸ್ನಾ ಮತ್ತೆ ಕಾರ್ಖಾನೆ ತೆರೆಯಿತು.

2020ಕ್ಕೆ ಬಂದರೆ ಅಳತೆಗೋಲು ಬದಲಾಗಿತ್ತು. ಕೋವಿಡ್ ಕಾಯ್ದೆಯಲ್ಲಿ ಪ್ರಯಾಣಿಕರ ವಿಮಾನ ಕಂಪನಿಗಳಿಗೆ 2,500 ಕೋಟಿ ಡಾಲರ್ ಕೊಟ್ಟದ್ದು ಸಂಬಳದ ಲೆಕ್ಕದ ಮೇಲೆ. ಹಿಂದಿನ ವರ್ಷ ಏಪ್ರಿಲಿಂದ ಸೆಪ್ಟೆಂಬರ್‌ವರೆಗೆ ಕೊಟ್ಟ ಸಂಬಳ ಎಷ್ಟು ಅಂತ ನೋಡಿದರು. 10 ಕೋಟಿ ಡಾಲರ್ ಒಳಗೆ ಪಡೆದವರು ಬದಲಿಗೆ ಷೇರು ಹಕ್ಕು ಬರೆದುಕೊಡೋದೂ ಬೇಡ ಅಂದರು. ಫ್ಲೈಯಿಂಗ್ ಸ್ಕೂಲುಗಳಿಗೂ, ರಿಪೇರಿಯವರಿಗೂ ಸಣ್ಣ ಉದ್ದಿಮೆಗಳ ಸಾಲ ಸಿಕ್ಕಿತು. ಬಹುಪಾಲು ಸಂಬಳಕ್ಕೆ ಖರ್ಚು ಮಾಡಿದ್ದರೆ ಆ ಸಾಲ ಮನ್ನಾ. 2001ಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಆದರೂ ಇಲ್ಲೂ ಸಂದು ಇತ್ತು. ಅಮೆರಿಕದಲ್ಲಿ ತುಂಬಾ ಇನ್‌ಸ್ಟ್ರಕ್ಟರ್‌ಗಳು ಗಂಟೆ ಲೆಕ್ಕದಲ್ಲಿ, ಗುತ್ತಿಗೆ ಮೇಲೆ ಕಲಿಸೋರು. ಸ್ಕೂಲಿನ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಇರೋದಿಲ್ಲ. ಚಿಕ್ಕ ನಿಲ್ದಾಣಗಳಿಗೆ ಅಂತ ಇಟ್ಟಿದ್ದ 10 ಕೋಟಿ ಡಾಲರ್‌ನಲ್ಲಿ ಬಹಳಷ್ಟು ಕಡೆ ಬಂದದ್ದು 20,000, 30,000 ಡಾಲರ್. ಅದೂ ನಿಲ್ದಾಣದ ಒಡೆತನ ಇರುವ ನಗರಸಭೆಗೋ ಕೌಂಟಿಗೋ ಹೋಯಿತು.

ಕೆಲವರಿಗೆ ಅಷ್ಟು ಕಾಯೋಕೂ ಆಗಲಿಲ್ಲ. ಅಲಾಸ್ಕಾದಲ್ಲಿ ರಸ್ತೆಯೇ ಇಲ್ಲದ ಊರುಗಳಿಗೆ ಜನ, ಅಂಚೆ, ದಿನಸಿ ಸಾಗಿಸುತ್ತಿದ್ದ ರಾವನ್ ಕಂಪನಿ, ಕಾಯ್ದೆಗೆ ಸಹಿ ಬಿದ್ದ ಒಂಬತ್ತೇ ದಿನಕ್ಕೆ, ಏಪ್ರಿಲ್ 5ರಂದು ದಿವಾಳಿ ಅರ್ಜಿ ಹಾಕಿತು. 72 ವಿಮಾನ ನಿಂತವು. 115 ಊರುಗಳಿಗೆ ಅದರ ಸೇವೆ ಇತ್ತು.

ನಮ್ಮ ಕಡೆ ನೋಡಿದರೆ, ಸೀಟು ಎಣಿಸೋ ಪದ್ಧತಿ ಗುರುತಿನದೇ. ಉಡಾನ್ ಯೋಜನೆಯಲ್ಲಿ ಚಿಕ್ಕ ಊರಿಗೆ ಹಾರುವ ಕಂಪನಿಗೆ ಕಡಿಮೆ ದರದ ಸೀಟುಗಳ ಲೆಕ್ಕದಲ್ಲಿ ಸಬ್ಸಿಡಿ ಬರುತ್ತೆ, ಮೂರು ವರ್ಷ. ವಿಮಾನ ಹಾರಿದರೆ ತಾನೇ ಸೀಟು? 2020ರ ಫೆಬ್ರವರಿಯಲ್ಲಿ ಬೀದರ್‌ನಿಂದ ಬೆಂಗಳೂರಿಗೆ ಟ್ರೂಜೆಟ್ ಕಂಪನಿಯ ವಿಮಾನ ಶುರುವಾಗಿ ಜನ ಸಂಭ್ರಮಪಟ್ಟರು. ಮುಂದಿನ ತಿಂಗಳೇ ಲಾಕ್‌ಡೌನ್. ಕೋವಿಡ್ ಕಾಲದಲ್ಲಿ ನಮ್ಮ ವಿಮಾನ ಕಂಪನಿಗಳಿಗೆ ಕೇಂದ್ರ ತೋರಿಸಿದ ದಾರಿ ಖಾತರಿ ಸಾಲ, ನೇರ ಪರಿಹಾರ ಅಲ್ಲ. ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ಹಾರಾಟ ನಿಲ್ಲಿಸಿತು.

ಅದೇ ವರ್ಷದ ಕೊನೆಯಲ್ಲಿ ಮೇರಿಲ್ಯಾಂಡ್‌ನ ಹೈಡ್ ಫೀಲ್ಡ್ ಕೂಡ ಖಾಯಂ ಆಗಿ ಮುಚ್ಚಿತು. ಡಿಸಿ-3ರಲ್ಲಿ ಈಗ ಉಳಿದಿರೋದು ಎರಡು. ಕಾಲೇಜ್ ಪಾರ್ಕ್‌ಗೆ ವಿಮಾನ ತರಬೇಕಾದರೆ ಪೈಲಟ್ ಇವತ್ತಿಗೂ ಮೊದಲು ಬೆರಳಚ್ಚು ಕೊಟ್ಟು, ಹಿನ್ನೆಲೆ ತಪಾಸಣೆ ಮುಗಿಸಿ, ಒಂದು ಗುಪ್ತ ಸಂಖ್ಯೆ ಪಡೆದುಕೊಂಡಿರಬೇಕು.