ಮೂರು ಕಂತಿನ ಹಣ ಮತ್ತು ಒಬ್ಬ ಮೇಸ್ತ್ರಿ

2010ರಲ್ಲಿ ಒಂದೂವರೆ ತಿಂಗಳ ಅಂತರದಲ್ಲಿ ಎರಡು ದೊಡ್ಡ ಭೂಕಂಪಗಳಾದವು. ಜನವರಿ 12ರಂದು ಹೈಟಿಯಲ್ಲಿ, ತೀವ್ರತೆ 7.0. ಫೆಬ್ರವರಿ 27ರಂದು ಚಿಲಿಯಲ್ಲಿ, 8.8. ಚಿಲಿಯಲ್ಲಿ ಹೊರಬಿದ್ದ ಶಕ್ತಿ ಸುಮಾರು 500 ಪಟ್ಟು ಜಾಸ್ತಿ. ಅಲ್ಲಿ ಸತ್ತವರು ಐನೂರರ ಆಸುಪಾಸು. ಹೈಟಿಯಲ್ಲಿ ಲೆಕ್ಕವೇ ಸರಿಯಾಗಿ ಸಿಗಲಿಲ್ಲ. ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಒಬ್ಬೊಬ್ಬರದು ಒಂದೊಂದು ಅಂದಾಜು. ಹೈಟಿಯ ಕಂಪನ ರಾಜಧಾನಿಯ ಪಕ್ಕದಲ್ಲೇ ಆಯಿತು ಅನ್ನೋದು ನಿಜ. ಆದರೆ ಕಾರಣ ಅದೊಂದೇ ಅಲ್ಲ.

ಕಟ್ಟಡದ ಎಂಜಿನಿಯರ್‌ಗಳಾದ ನಮ್ಮ ಕಣ್ಣು ಮೊದಲು ಹೋಗೋದು ಛಾವಣಿಯ ಕಡೆಗೆ. ಹೈಟಿಯವರನ್ನು ಮತ್ತೆ ಮತ್ತೆ ಕಾಡುವುದು ಚಂಡಮಾರುತ. ಗಾಳಿಗೆ ಹಾರಬಾರದು ಎಂದು ಭಾರದ ಕಾಂಕ್ರೀಟ್ ಛಾವಣಿ ಹಾಕಿಕೊಂಡಿದ್ದರು. ಕೈಯಲ್ಲಿ ಹಣ ಕಮ್ಮಿ. ಹಾಗಾಗಿ ಅದರ ಕೆಳಗೆ ಸಿಮೆಂಟ್ ಸಾಲದ ಟೊಳ್ಳು ಬ್ಲಾಕು, ತೆಳು ಕಂಬ, ಕಂಬದೊಳಗಿನ ಸರಳುಗಳನ್ನು ಸುತ್ತಿ ಬಿಗಿಯುವ ಕಬ್ಬಿಣದ ರಿಂಗುಗಳೂ ದೂರ ದೂರ. ನೆಲ ಅಲುಗಿದಾಗ ಮೇಲಿನ ಭಾರ ಹೆಚ್ಚಿದಷ್ಟೂ ಗೋಡೆ, ಕಂಬಗಳನ್ನು ಪಕ್ಕಕ್ಕೆ ತಳ್ಳುವ ಬಲವೂ ಹೆಚ್ಚುತ್ತದೆ. ಇದನ್ನು ಜನರ ಅಜ್ಞಾನ ಅನ್ನೋಕೆ ನನಗೆ ಮನಸ್ಸಿಲ್ಲ. 1770ರ ನಂತರ ರಾಜಧಾನಿ ಅಂಥ ಹೊಡೆತ ಕಂಡಿರಲಿಲ್ಲ. ಕಣ್ಣೆದುರಿನ ಅಪಾಯಕ್ಕೆ ತಕ್ಕಂತೆ ಅವರು ಮನೆ ಕಟ್ಟಿದ್ದರು, ಅಷ್ಟೇ.

ಹೊರದೇಶಗಳ ರಕ್ಷಣಾ ತಂಡಗಳು ನಾಯಿ, ಯಂತ್ರಗಳ ಸಮೇತ ಹೈಟಿಗೆ ಹಾರಿ ಬಂದವು. ಅವರು ಜೀವಂತ ಹೊರತೆಗೆದದ್ದು ಸುಮಾರು 130 ಜನರನ್ನು. ಉಳಿದವರನ್ನು ಎಳೆದು ತೆಗೆದವರು ಅಕ್ಕಪಕ್ಕದವರೇ, ಬರಿಗೈಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಲರಾ ಬಂತು. ಅದು ಬಂದದ್ದು ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದಿಂದ. ಸುಮಾರು ಹತ್ತು ಸಾವಿರ ಜನ ಸತ್ತರು.

ಇನ್ನು ನೇಪಾಳ. 2015ರ ಏಪ್ರಿಲ್ 25ರ ಕಂಪನಕ್ಕೆ ಸುಮಾರು ಒಂಬತ್ತು ಸಾವಿರ ಜನ ಬಲಿಯಾದರು. ಅವತ್ತು ಶನಿವಾರ, ಶಾಲೆಗೆ ರಜೆ. ಇಲ್ಲದಿದ್ದರೆ ಲೆಕ್ಕ ಬೇರೆಯೇ ಆಗಿರುತ್ತಿತ್ತು. 2005ರಲ್ಲಿ ಪಾಕಿಸ್ತಾನದಲ್ಲಿ ಶಾಲೆಯ ವೇಳೆಯಲ್ಲೇ ಕಂಪಿಸಿ ಸಾವಿರಾರು ಮಕ್ಕಳು ಸತ್ತಿದ್ದರು.

ನೇಪಾಳದ ಹಳ್ಳಿಗಳಲ್ಲಿ ಬಿದ್ದ ಮನೆಗಳಲ್ಲಿ ಹೆಚ್ಚಿನವು ಕಲ್ಲು ಮತ್ತು ಮಣ್ಣಿನವು. ಅಂಥ ಗೋಡೆ ನೋಡಲು ಒಂದು, ಒಳಗೆ ಎರಡು ಪದರ. ನಡುವೆ ಚೂರುಕಲ್ಲು. ಅಲುಗಿದಾಗ ಎರಡು ಪದರವೂ ಬೇರೆಯಾಗಿ ಉಬ್ಬಿ ಕುಸಿಯುತ್ತವೆ. ಪರಿಹಾರ ದೊಡ್ಡದೇನಲ್ಲ. ಅಲ್ಲಲ್ಲಿ ಗೋಡೆಯ ಪೂರ್ತಿ ಅಗಲಕ್ಕೆ ಹಾಯುವ ಉದ್ದನೆಯ ಕಲ್ಲು ಇಡಬೇಕು. ಪಾಯದ ಮೇಲೆ, ಲಿಂಟಲ್ ಮಟ್ಟದಲ್ಲಿ (ಬಾಗಿಲು, ಕಿಟಕಿಗಳ ಮೇಲಂಚಿನಲ್ಲಿ), ಛಾವಣಿಯ ಕೆಳಗೆ ನಾಲ್ಕೂ ಗೋಡೆಗಳನ್ನು ಸುತ್ತುವ ಪಟ್ಟಿ ಇರಬೇಕು. ಅದು ಕಾಂಕ್ರೀಟೇ ಆಗಬೇಕಿಲ್ಲ, ಮರದ್ದೂ ಆದೀತು. ಇದನ್ನು ಊರಿನ ಮೇಸ್ತ್ರಿಗೆ ಕಲಿಸಬಹುದು. ಅಲ್ಲಿ ಗಂಡಸರು ಅನೇಕರು ದುಡಿಯಲು ಗಲ್ಫ್, ಮಲೇಷ್ಯಾಕ್ಕೆ ಹೋಗಿದ್ದರಿಂದ ಹೆಂಗಸರೂ ಕಲಿತು ಗಾರೆ ಕೆಲಸಕ್ಕೆ ಇಳಿದರು.

ನೇಪಾಳ ಸರ್ಕಾರ ಪ್ರತಿ ಮನೆಗೆ ಮೂರು ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಟ್ಟಿತು. ಮೊದಲ ಕಂತಿನ ಕೆಲಸವನ್ನು ಎಂಜಿನಿಯರ್ ನೋಡಿ ಒಪ್ಪಿದರೆ ಮಾತ್ರ ಮುಂದಿನದು. ನನ್ನ ಪ್ರಕಾರ ಬಡ ದೇಶಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಟ್ಟಡ ಕಾಯ್ದೆಯ ಪುಸ್ತಕ ಓದದವರ ಮನೆಯೂ ಕಾಯ್ದೆಯಂತೆ ಏಳುತ್ತದೆ. ಆದರೂ ತೊಡಕುಗಳಿದ್ದವು. ಪುನರ್ನಿರ್ಮಾಣ ಪ್ರಾಧಿಕಾರ ಶುರುವಾಗಲು ಎಂಟು ತಿಂಗಳು ಹಿಡಿಯಿತು. ಜಮೀನಿನ ಕಾಗದ ಇಲ್ಲದವರು ಪರದಾಡಿದರು. ಹಣ ಪೂರ್ತಿ ಮನೆಗೆ ಸಾಲದೆ ಹಲವರು ನಿಯಮ ಪಾಲಿಸಿ ಒಂದೇ ಕೋಣೆ ಕಟ್ಟಿ ಕಂತು ಪಡೆದರು, ವಾಸ ಮಾತ್ರ ಪಕ್ಕದ ಬಿರುಕುಬಿಟ್ಟ ಹಳೆ ಮನೆಯಲ್ಲೇ. ಆ ಹಳೆ ಮನೆಯನ್ನು ಬಲಪಡಿಸಲು ನೆರವು ಇತ್ತು, ಆದರೆ ಒಂದೇ ಲಕ್ಷ. ಹೊಸದಕ್ಕೆ ಮೂರು ಸಿಗುವಾಗ ದುರಸ್ತಿಗೆ ಯಾರು ಹೋಗ್ತಾರೆ, ಅಲ್ವಾ?