ಸ್ಟೋಂಗ್‌ನ ಉದ್ದಮನೆ: ಬೂದಿ ಹೇಳಿದ್ದು, ಬೂದಿ ಹೇಳದ್ದು

ಮಣ್ಣಿನ ಪದರಗಳನ್ನು ಓದುವುದು ನನ್ನ ವೃತ್ತಿ. ಉತ್ಖನನದ ಗುಂಡಿಯಲ್ಲಿ ಯಾವುದನ್ನೂ ಸುಲಭವಾಗಿ ನಂಬಲಾಗದು. ಇಲಿ ಬಿಲ ತೋಡುತ್ತದೆ, ಬೇರು ಇಳಿಯುತ್ತದೆ, ಮೇಲಿನ ಮಡಕೆಚೂರು ಕೆಳಕ್ಕೆ ಜಾರುತ್ತದೆ. ಜ್ವಾಲಾಮುಖಿಯ ಬೂದಿ ಹಾಗಲ್ಲ. ಕೆಲವೇ ದಿನಗಳಲ್ಲಿ ಸೀಮೆಗೆ ಸೀಮೆಯೇ ಒಂದೇ ಹೊದಿಕೆಯಡಿ ಬರುತ್ತದೆ. ಆಂಧ್ರದ ನಂದ್ಯಾಲ ಜಿಲ್ಲೆಯ (2022ರವರೆಗೆ ಕರ್ನೂಲು ಜಿಲ್ಲೆ) ಜ್ವಾಲಾಪುರದಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಸುಮಾರು 74,000 ವರ್ಷ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಉಗುಳಿದ ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣಗಳನ್ನು ಕಂಡದ್ದು ಹಲವರಿಗೆ ನೆನಪಿರಬಹುದು. ಬೂದಿಯಿಂದ ಕಾಲ ಎಣಿಸುವ ಈ ವಿದ್ಯೆ ಒಂದು ಶಾಸ್ತ್ರವಾಗಿ ಬೆಳೆದದ್ದು ಐಸ್‌ಲ್ಯಾಂಡಿನಲ್ಲಿ, ಅದರಲ್ಲೂ ಒಂದು ಒಕ್ಕಲುಮನೆಯ ಸುತ್ತ.

ಆ ಮನೆಯ ಹೆಸರು ಸ್ಟೋಂಗ್. ದಕ್ಷಿಣ ಐಸ್‌ಲ್ಯಾಂಡಿನ ಥ್ಯೋರ್ಸಾರ್‌ದಾಲೂರ್ ಕಣಿವೆಯಲ್ಲಿದೆ. ಹೆಕ್ಲಾ ಜ್ವಾಲಾಮುಖಿ ಅಲ್ಲಿಂದ 20 ಕಿಲೋಮೀಟರಿಗೂ ಹತ್ತಿರ. 1939ರಲ್ಲಿ ನಾರ್ಡಿಕ್ ದೇಶಗಳ ಪುರಾತತ್ತ್ವಜ್ಞರು ಸೇರಿ ಈ ಕಣಿವೆಯ ಹಾಳುಬಿದ್ದ ಒಕ್ಕಲುಗಳನ್ನು ಅಗೆದರು. ಸ್ಟೋಂಗ್‌ನ ಅಗೆತ ಡೆನ್ಮಾರ್ಕಿನ ಓಗೆ ರೌಸೆಲ್ ಅವರದು. ಬೂದಿ ಹೊದ್ದು ಮಲಗಿದ್ದ ಮನೆ ಗೋಡೆಯ ಬುಡ, ಒಲೆ, ನೆಲದ ಸಮೇತ ಹೊರಬಂತು.

ಮರ ಕಡಿಮೆ, ಚಳಿ ವಿಪರೀತ. ಹಾಗಾಗಿ ಅಲ್ಲಿನವರು ಜೌಗುನೆಲದ ಹುಲ್ಲನ್ನು ಬೇರುಮಣ್ಣಿನ ಸಮೇತ ಹೆಂಟೆಹೆಂಟೆಯಾಗಿ ಕೊಯ್ದು ಗೋಡೆ ಕಟ್ಟುತ್ತಿದ್ದರು. ಬುಡಕ್ಕೆ ಕಲ್ಲು, ಮೇಲೆ ಒಂದು ಮೀಟರಿಗೂ ದಪ್ಪನೆಯ ಹೆಂಟೆಗೋಡೆ, ಸೂರಿಗೂ ಹುಲ್ಲಿನದೇ ಹೊದಿಕೆ. ಸೂರಿನ ಭಾರ ಮಾತ್ರ ಒಳಗಿನ ಮರದ ಕಂಬಗಳದು. ನಡುಮನೆ ಉದ್ದಕ್ಕೆ ಚಾಚಿದೆ. ಮಧ್ಯೆ ಬೆಂಕಿ, ಎರಡೂ ಬದಿಗೆ ಜಗಲಿ. ಹಗಲು ಕೂತು ಕೆಲಸ ಮಾಡಿದ ಜಗಲಿಯ ಮೇಲೇ ರಾತ್ರಿ ನಿದ್ದೆ. ಅದರ ತುದಿಗೆ ಇನ್ನೊಂದು ಬೈಠಕ್ಕಿನ ಕೋಣೆ. ಹಿಂದುಗಡೆ ಎರಡು ಕೋಣೆ ಅಂಟಿಕೊಂಡಿವೆ. ಒಂದರಲ್ಲಿ ಗೋಡೆಯುದ್ದಕ್ಕೂ ಕಲ್ಲಿನ ಕಾಲುವೆ. ಅದು ಪಾಯಖಾನೆ ಎಂಬುದು ಬಹುಮಂದಿಯ ಮತ. ಇನ್ನೊಂದರ ನೆಲದಲ್ಲಿ ದೊಡ್ಡ ಮರದ ಬಾನಿಗಳು ಕೂತ ದುಂಡನೆಯ ಗುರುತುಗಳಿವೆ. ನನಗೆ ಈ ಇಡೀ ಮನೆಯಲ್ಲಿ ಅತ್ಯಂತ ಪ್ರಿಯವಾದದ್ದು ಈ ಗುರುತುಗಳು. ಬಾನಿಯ ತುಂಬ ಮೊಸರಿನಂಥ ಸ್ಕೀರ್, ಹುಳಿ ಹಾಲೊಡಕು. ಆ ಹುಳಿಯಲ್ಲೇ ಮಾಂಸ ಚಳಿಗಾಲಕ್ಕೆ ಕೆಡದೆ ಉಳಿಯುತ್ತಿತ್ತು. ಹೊರಗಿನ ಕೊಟ್ಟಿಗೆಯ ಹಸುಗಳ ಹಾಲು ಇಲ್ಲಿಗೆ ಬಂದು ಒಂದು ಕುಟುಂಬವನ್ನು ಆರು ತಿಂಗಳು ದಾಟಿಸುತ್ತಿತ್ತು. ನೆಲದ ಮೇಲಿನ ದುಂಡು ತಗ್ಗು ಇಷ್ಟನ್ನು ಹೇಳುವಾಗ ಗುಂಡಿಯಿಂದ ಮೇಲೆ ಬರಲು ಮನಸ್ಸಾಗದು.

10ನೇ ಶತಮಾನದಲ್ಲಿ ಇಲ್ಲಿ ಗೌಕುರ್ ಟ್ರಾಂಡಿಲ್ಸನ್ ಎಂಬಾತ ಇದ್ದನೆಂದು ಪ್ರತೀತಿ. ಸ್ಕಾಟ್ಲೆಂಡಿನಾಚೆ ಆರ್ಕ್ನಿ ದ್ವೀಪದ ಪ್ರಾಚೀನ ಸಮಾಧಿ ಮೇಸ್‌ಹೌನಲ್ಲಿ 12ನೇ ಶತಮಾನದ ರೂನ್ (ಹಳೆಯ ನಾರ್ಡಿಕ್ ಲಿಪಿ) ಬರಹವೊಂದಿದೆ. ದಕ್ಷಿಣ ಐಸ್‌ಲ್ಯಾಂಡಿನ ಗೌಕುರ್ ಟ್ರಾಂಡಿಲ್ಸನ್‌ನ ಕೊಡಲಿಯಿಂದ ಇದನ್ನು ಕೆತ್ತಿದೆ ಎನ್ನುತ್ತದೆ ಅದು.

ಹಾಗಾದರೆ ಮನೆ ಹಾಳುಬಿದ್ದದ್ದು ಯಾವಾಗ? 1939ರ ತಂಡದಲ್ಲಿ ಸಿಗುರ್ದುರ್ ಥೋರಾರಿನ್ಸನ್ ಎಂಬ ಯುವ ಭೂವಿಜ್ಞಾನಿ ಇದ್ದರು. ಇಂಥ ಬೂದಿಗೆ 'ಟೆಫ್ರಾ' ಎಂಬ ಗ್ರೀಕ್ ಪದವನ್ನು ಬಳಕೆಗೆ ತಂದವರು, ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಅವರೇ. ಮೊದಲು ಅವರು ಹೇಳಿದ್ದು ಹೆಕ್ಲಾದ 1300ರ ಸ್ಫೋಟ. ಆಮೇಲೆ ತಾವೇ ತಿದ್ದಿಕೊಂಡು 1104 ಎಂದರು. ಜನ ಐಸ್‌ಲ್ಯಾಂಡಿಗೆ ಬಂದು ನೆಲೆಸಿದ ಮೇಲೆ ಹೆಕ್ಲಾ ಮೊದಲ ಸಲ ಸಿಡಿದದ್ದು ಆ ವರ್ಷ, ಅದೂ ಭೀಕರವಾಗಿ. ಆ ಬೂದಿ ತಿಳಿಬಣ್ಣದ್ದು, ಗುಂಡಿಯಲ್ಲಿ ಥಟ್ಟನೆ ಕಾಣುತ್ತದೆ. 1104 ಎಂಬ ಇಸವಿ ಜನರ ಮನಸ್ಸಿನಲ್ಲಿ ಬೇರೂರಿತು. ಐಸ್‌ಲ್ಯಾಂಡಿನ ನೆಲಸಿಕೆಗೆ 1,100 ವರ್ಷ ತುಂಬಿದ ನೆನಪಿಗೆ 1970ರ ದಶಕದಲ್ಲಿ ಅದೇ ಕಣಿವೆಯಲ್ಲಿ ಸ್ಟೋಂಗ್ ಮಾದರಿಯ ಪೂರ್ಣ ಮನೆಯನ್ನೂ ಕಟ್ಟಿದರು.

1980ರ ದಶಕದಲ್ಲಿ ವಿಲ್ಹ್ಯಾಲ್ಮುರ್ ಓರ್ನ್ ವಿಲ್ಹ್ಯಾಲ್ಮ್ಸನ್ ಮತ್ತೆ ಅಗೆದಾಗ ಕಥೆ ಕದಲಿತು. ಇಂಗಾಲ ಕಾಲಮಾಪನ, ಸಿಕ್ಕ ವಸ್ತುಗಳು, ಪದರಗಳ ಜೋಡಣೆ ಎಲ್ಲವನ್ನೂ ಒಟ್ಟಿಗಿಟ್ಟು ಅವರು ಬಂದ ತೀರ್ಮಾನ: 1104ರ ನಂತರವೂ ಇಲ್ಲಿ ಸಂಸಾರ ನಡೆದಿತ್ತು, 13ನೇ ಶತಮಾನದ ಮೊದಲ ಭಾಗದವರೆಗೂ. ನನಗೆ ಇದೇ ಸರಿ ಎನಿಸುತ್ತದೆ. ಬೂದಿ ತಾನು ಬಿದ್ದ ದಿನವನ್ನು ಹೇಳುತ್ತದೆ. ಮನೆಯವರು ಎದ್ದುಹೋದ ದಿನವನ್ನಲ್ಲ. ಕೆಲಸ ಕಲಿಯಲು ಬರುವವರಿಗೆ ನಾನು ಸ್ಟೋಂಗ್ ತೋರಿಸಿ ಹೇಳುವುದು ಇದನ್ನೇ. ಹುಲ್ಲುಗಾವಲು ಬೂದಿಯಡಿ ಸಿಕ್ಕರೂ ಒಕ್ಕಲುತನ ಒಂದೇ ರಾತ್ರಿಗೆ ಮುಗಿಯಬೇಕಿಲ್ಲ. ಗಾಳಿಗೆ ಮೇಲ್ಮಣ್ಣು ಹಾರುತ್ತಾ, ಕುರಿಗೆ ಮೇವು ಸಾಲದಾಗುತ್ತಾ ಹಲವು ತಲೆಮಾರು ಎಳೆದಿರಬಹುದು.

ಅದೇ ಅಗೆತದಲ್ಲಿ ಹಳೆಯ ಕಮ್ಮಾರಸಾಲೆಯ ಮೇಲೆ ಕಟ್ಟಿದ ಪುಟ್ಟ ಚರ್ಚೂ ಸ್ಮಶಾನವೂ ಸಿಕ್ಕವು. ಹೂಳಿದವರ ಎಲುಬುಗಳನ್ನು ಎತ್ತಿ ಸಾಗಿಸಲಾಗಿತ್ತು. ಚರ್ಚು ಬಿಟ್ಟುಹೋಗುವಾಗ ಸತ್ತವರ ಎಲುಬನ್ನೂ ಒಯ್ಯಬೇಕೆಂಬುದು ಆ ಕಾಲದ ಐಸ್‌ಲ್ಯಾಂಡಿನ ಕಾನೂನು. ಸ್ಟೋಂಗ್‌ನವರಿಗೆ ಅಷ್ಟು ಸಮಯವಿತ್ತು. ಗುದ್ದಲಿ ಹಿಡಿದು ಒಂದೊಂದೇ ಗೋರಿ ತೆರೆದು, ತಮ್ಮ ಹಿರಿಯರನ್ನು ಕರೆದುಕೊಂಡು ಕಣಿವೆ ಇಳಿದರು.